ರೊಕ್ಕಕ್ಕಿಂತ ಮೊದಲು ದಾರಿ ಕೇಳಿ

ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘಕ್ಕೆ 2025ರ ಆಗಸ್ಟ್‌ನಲ್ಲಿ ‘ಈಕ್ವೇಟರ್ ಪ್ರಶಸ್ತಿ’ ಬಂತು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಕೊಡುವ ಪ್ರಶಸ್ತಿ ಇದು. ನೂರಕ್ಕೂ ಹೆಚ್ಚು ದೇಶಗಳಿಂದ ಸುಮಾರು 700 ಹೆಸರುಗಳು ಹೋಗಿದ್ದವು, ಆಯ್ಕೆಯಾದದ್ದು ಹತ್ತು. ನಗದು 10 ಸಾವಿರ ಡಾಲರ್. ಇಂಥ ಸುದ್ದಿ ಪೇಪರಿನಲ್ಲಿ ಬಂದ ದಿನ ಉಳಿದ ಸಂಘಗಳ ಅಕ್ಕಂದಿರ ಬಾಯಲ್ಲಿ ಬರುವ ಮೊದಲ ಮಾತು: “ಇದಕ್ಕ ಎಲ್ಲೆ ಅರ್ಜಿ ಹಾಕಬೇಕ್ರಿ?”

ಪ್ರಶ್ನೆ ಸಹಜವಾದದ್ದೇ. ಆದರೆ ತೀರ್ಥದ ಮಹಿಳೆಯರು ಕೆಲಸ ಶುರು ಮಾಡಿದ್ದು ಅರ್ಜಿಯಿಂದಲ್ಲ. 2018ರಲ್ಲಿ ಸಂಘ ಕಟ್ಟಿಕೊಂಡು ಸಾವೆ, ನವಣೆಯಂಥ ಸಿರಿಧಾನ್ಯಗಳ ಬೀಜ ಉಳಿಸುವ ಕೆಲಸಕ್ಕೆ ಕೈಹಾಕಿದರು. ದೇಸಿ ಬೀಜಗಳ ಮೇಲೆ ಬಹುಕಾಲದಿಂದ ದುಡಿಯುತ್ತಿರುವ ‘ಸಹಜ ಸಮೃದ್ಧ’ ಸಂಸ್ಥೆ ಜೊತೆಗೆ ನಿಂತಿತು. ಸೌರಶಕ್ತಿಯಿಂದ ನಡೆಯುವ ಸಂಸ್ಕರಣಾ ಘಟಕಕ್ಕೆ ಸೆಲ್ಕೊ ಫೌಂಡೇಶನ್ ಕೈಜೋಡಿಸಿತು. ಹೈದರಾಬಾದಿನ ಭಾರತೀಯ ಸಿರಿಧಾನ್ಯ ಸಂಶೋಧನಾ ಸಂಸ್ಥೆಯ ನೆರವೂ ಸಿಕ್ಕಿತು. ಬೀಜ ಒಬ್ಬರಿಂದ, ಯಂತ್ರ ಇನ್ನೊಬ್ಬರಿಂದ, ತಿಳಿವಳಿಕೆ ಮತ್ತೊಬ್ಬರಿಂದ. ಪ್ರಶಸ್ತಿ ಬಂದದ್ದು ಏಳು ವರ್ಷದ ದುಡಿಮೆಯ ಮೇಲೆ.

ನವಲಗುಂದ, ಅಣ್ಣಿಗೇರಿ, ಕಲಘಟಗಿ, ಕುಂದಗೋಳದ ಸಂಘ-ಸಂಸ್ಥೆಗಳಿಗೆ ಅನುದಾನದ ಹಣಕ್ಕಿಂತ ಅದರ ಸುದ್ದಿಯ ಕೊರತೆ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಯಾವ ಬಾಗಿಲಲ್ಲಿ ಏನು ಸಿಗುತ್ತದೆ, ಯಾವ ಬಾಗಿಲು ನಮ್ಮಂಥವರಿಗೆ ತೆರೆಯುವುದೇ ಇಲ್ಲ ಎಂಬುದು ಗೊತ್ತಿದ್ದರೆ ಅರ್ಧ ಓಡಾಟ ಉಳಿಯುತ್ತದೆ. ಕೊಡುವವರಿಗೂ ಇದೇ ತೊಂದರೆ: ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಕುಳಿತವರಿಗೆ ತಮ್ಮೂರಿನಲ್ಲಿ ನಂಬಿ ಹಣ ಕೊಡಬಹುದಾದ ಸಂಸ್ಥೆ ಯಾವುದೆಂದು ತಿಳಿಯುವುದಿಲ್ಲ.

ಹಾಗೆ ನೋಡಿದರೆ ಕೊಡುವ ಸಂಪ್ರದಾಯ ಈ ಸೀಮೆಗೆ ಹೊಸದಲ್ಲ. 1906ರಲ್ಲಿ ತೀರಿಕೊಂಡ ಸಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಬರೆದಿಟ್ಟು ಹೋದರು; ಆ ಟ್ರಸ್ಟಿನ ಹೆಸರಿನಲ್ಲಿ ಇವತ್ತಿಗೂ ಸಿರಸಂಗಿಯ ಜೊತೆ ನವಲಗುಂದ ಇದೆ. ಅದಕ್ಕೂ ಒಂದು ವರ್ಷ ಮೊದಲು, 1905ರಲ್ಲಿ, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದರು. ಎಪ್ಪತ್ತರ ದಶಕದಲ್ಲಿ ಷಿಕಾಗೊದಲ್ಲಿದ್ದ ಭಾರತೀಯರು ಸೇರಿ ‘ಇಂಡಿಯಾ ಡೆವಲಪ್‌ಮೆಂಟ್ ಸರ್ವಿಸ್’ ಎಂಬ ಸಂಸ್ಥೆ ಮಾಡಿದರು. ಅದರಲ್ಲಿದ್ದ ಎಸ್.ಆರ್. ಹಿರೇಮಠರು 1979ರಲ್ಲಿ ವಾಪಸ್ ಬಂದು ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಲ್ಲಿ ಕೆಲಸ ಶುರು ಮಾಡಿದರು. ಈ ಎಲ್ಲ ಕಡೆ ಹಣ ಇಟ್ಟವರಿಗೂ ಹಣ ಬೇಕಾದವರಿಗೂ ನಡುವೆ ಪರಿಚಯದ ಒಂದು ಜಾಲ ಇತ್ತು. ಈಗಲೂ ಹುಡುಕಬೇಕಾದದ್ದು ಅದನ್ನೇ.

ಹುಡುಕಾಟ ನಿಮ್ಮ ಗ್ರಾಮ ಪಂಚಾಯಿತಿಯಿಂದಲೇ ಶುರುವಾಗಲಿ. ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂದು ಹೆಸರು. ಬಹಳಷ್ಟು ಕಡೆ ಕಂಪ್ಯೂಟರ್, ಇಂಟರ್‌ನೆಟ್ ಬಂದಿವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಅದನ್ನು ಬಳಸುವಷ್ಟು ಸಂಘಗಳು ಬಳಸುವುದಿಲ್ಲ. ಮಹಿಳಾ ಸಂಘವಾದರೆ ರಾಜ್ಯದ ಗ್ರಾಮೀಣ ಜೀವನೋಪಾಯ ಯೋಜನೆಯಾದ ‘ಸಂಜೀವಿನಿ’ಯ ಪಂಚಾಯಿತಿ ಮಟ್ಟದ ಒಕ್ಕೂಟ ಇದ್ದೇ ಇದೆ. ಅಲ್ಲಿಯ ಮುಖ್ಯ ಪುಸ್ತಕ ಬರಹಗಾರರು, ಎಂದರೆ ಎಲ್ಲರ ಬಾಯಲ್ಲಿ ಎಂಬಿಕೆ ಮೇಡಂ, ಸುತ್ತುನಿಧಿ, ಸಮುದಾಯ ಬಂಡವಾಳ ನಿಧಿ ಯಾವಾಗ ಬರುತ್ತದೆ, ಯಾವ ಸಂಘಕ್ಕೆ ಏಕೆ ತಡೆದಿದೆ ಎಂಬುದನ್ನು ತಾಲ್ಲೂಕು ಆಫೀಸಿಗಿಂತ ಚೆನ್ನಾಗಿ ಹೇಳುತ್ತಾರೆ. ತಡೆಯಲು ಕಾರಣ ಹೆಚ್ಚಾಗಿ ಪಂಚಸೂತ್ರದಲ್ಲೇ ಇರುತ್ತದೆ: ವಾರದ ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಪುಸ್ತಕ ಬರೆಯುವುದು. ಐದರಲ್ಲಿ ಕೊನೆಯದೇ ಹೆಚ್ಚು ಸಂಘಗಳನ್ನು ಕೆಡವುತ್ತದೆ. ಠರಾವು ಪುಸ್ತಕದಲ್ಲಿ ಆರು ತಿಂಗಳ ಸಭೆಯನ್ನು ಒಂದೇ ದಿನ ಒಂದೇ ಪೆನ್ನಿನಲ್ಲಿ ಬರೆದರೆ, ನೋಡಿದವರಿಗೆ ಗೊತ್ತಾಗದೇ ಇರುತ್ತದೆಯೇ?

ಮುಂದಿನ ನಿಲ್ದಾಣ ಧಾರವಾಡ. ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಬ್ಬ ಅಧಿಕಾರಿ ಇದ್ದಾರೆ: ನಬಾರ್ಡ್‌ನ ಜಿಲ್ಲಾ ಅಭಿವೃದ್ಧಿ ವ್ಯವಸ್ಥಾಪಕರು. ‘ಡಿಡಿಎಂ’ ಎಂದರೆ ಬ್ಯಾಂಕಿನವರಿಗೆಲ್ಲ ತಿಳಿಯುತ್ತದೆ. ಇವರು ಸಾಲ ಕೊಡುವವರಲ್ಲ. ಜಲಾನಯನ, ರೈತ ಉತ್ಪಾದಕ ಸಂಸ್ಥೆ, ಕೌಶಲ ತರಬೇತಿ, ಗ್ರಾಮೀಣ ಮಾರುಕಟ್ಟೆ ಮೊದಲಾದ ಕೆಲಸಗಳಿಗೆ ನಬಾರ್ಡ್‌ನ ಅನುದಾನ ಯಾವ ಸಂಸ್ಥೆಯ ಮೂಲಕ ಬರುತ್ತದೆ ಎಂದು ತಿಳಿದವರು. ಪ್ರತಿ ಜಿಲ್ಲೆಗೂ ನಬಾರ್ಡ್ ವರ್ಷಕ್ಕೊಮ್ಮೆ ‘ಪಿಎಲ್‌ಪಿ’ ಎಂಬ ದಪ್ಪ ಪುಸ್ತಕ ತರುತ್ತದೆ. ಯಾವ ಬೆಳೆಗೆ, ಯಾವ ಕಸುಬಿಗೆ ಎಷ್ಟು ಸಾಲ ಹರಿಯಬಹುದು, ಎಲ್ಲಿ ಗೋದಾಮಿಲ್ಲ, ಎಲ್ಲಿ ಶೀತಲಗೃಹ ಬೇಕು ಎಂಬ ವಿವರ ಅದರಲ್ಲಿರುತ್ತದೆ. ಒಣ ಓದು ಎನ್ನುವುದೇನೋ ನಿಜ. ಆದರೆ ನಿಮ್ಮ ಅರ್ಜಿಯಲ್ಲಿ ‘ನಮ್ಮ ಭಾಗದಲ್ಲಿ ಇದರ ಅಗತ್ಯ ಬಹಳ ಇದೆ’ ಎಂದು ಬರೆಯುವ ಬದಲು ಆ ಪುಸ್ತಕದ ಎರಡು ಅಂಕಿ ಬರೆದರೆ ತೂಕವೇ ಬೇರೆ.

ರೈತ ಉತ್ಪಾದಕ ಸಂಸ್ಥೆ ಕಟ್ಟಿದವರು ಒಂದು ಸಂಗತಿ ನೆನಪಿಡಬೇಕು. ಕೇಂದ್ರದ ಹತ್ತು ಸಾವಿರ ಎಫ್‌ಪಿಒ ಯೋಜನೆ 2020ರಲ್ಲಿ ಶುರುವಾದಾಗ ಪ್ರತಿ ಸಂಸ್ಥೆಗೆ ಮೂರು ವರ್ಷದ ಆಡಳಿತ ವೆಚ್ಚಕ್ಕೆ 18 ಲಕ್ಷ ರೂಪಾಯಿವರೆಗೆ, ಷೇರು ಹಣಕ್ಕೆ ಸಮನಾಗಿ ರೈತರೊಬ್ಬರಿಗೆ 2,000 ರೂಪಾಯಿಯಂತೆ ಒಟ್ಟು 15 ಲಕ್ಷದವರೆಗೆ ಅನುದಾನ ಎಂದು ಗೊತ್ತುಮಾಡಿದ್ದರು. ಮೂರು ವರ್ಷ ಕಳೆದ ಮೇಲೆ ಸಿಇಒ ಸಂಬಳ ಯಾರು ಕೊಡುತ್ತಾರೆ ಎಂಬ ಪ್ರಶ್ನೆಯನ್ನು ಮೊದಲ ವರ್ಷವೇ ಕೇಳಿಕೊಳ್ಳದ ಸಂಸ್ಥೆಯ ಕಚೇರಿಗೆ ನಾಲ್ಕನೇ ವರ್ಷ ಬೀಗ ಬೀಳುವುದು ಖಚಿತ.

ಹಪ್ಪಳ, ಶೇಂಗಾ ಹೋಳಿಗೆ, ರೊಟ್ಟಿ, ಖಾರದಪುಡಿ ಮಾಡುವವರು ಕಿರು ಆಹಾರ ಸಂಸ್ಕರಣೆಯ ಪಿಎಂಎಫ್‌ಎಂಇ ಯೋಜನೆಯ ಹೆಸರು ಕೇಳಿರಬಹುದು. ಕೇಂದ್ರದ ಶೇ 35ರ ಸಹಾಯಧನಕ್ಕೆ ಕರ್ನಾಟಕ ಸರ್ಕಾರ ಇನ್ನೂ ಶೇ 15 ಸೇರಿಸಿ, ಗರಿಷ್ಠ 15 ಲಕ್ಷ ರೂಪಾಯಿ ಮಾಡಿತ್ತು. ಸ್ವಸಹಾಯ ಸಂಘದ ಸದಸ್ಯೆಯರಿಗೆ ತಲಾ 40,000 ರೂಪಾಯಿವರೆಗೆ ಬೀಜಧನವೂ ಇದೆ. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್ ನಿಗಮ. ಇಂಥ ಯೋಜನೆಗಳ ಅವಧಿ, ಮೊತ್ತ ಬಜೆಟ್ಟಿಗೊಮ್ಮೆ ಬದಲಾಗುತ್ತವೆ. ಆದ್ದರಿಂದ ಕೃಷಿ ಇಲಾಖೆಯಲ್ಲಿ ಈ ವರ್ಷದ ಸುತ್ತೋಲೆ ಕೇಳಿ ನೋಡಿಯೇ ಮುಂದುವರಿಯಿರಿ. ಬ್ಯಾಂಕ್ ಸಾಲದ ಕಡತ ತಯಾರಿಸಿಕೊಡಲು ಯೋಜನೆಯೇ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳನ್ನು ನೇಮಿಸಿದೆ. ಅವರಿಗೆ ಸಂಭಾವನೆ ಸರ್ಕಾರ ಕೊಡುತ್ತದೆ, ನೀವಲ್ಲ. ಕಸುಬು ಕಲಿಯಬೇಕಾದವರಿಗೆ ಧಾರವಾಡದಲ್ಲಿ ರುಡ್‌ಸೆಟ್ ಇದೆ: ತರಬೇತಿ, ಊಟ, ವಸತಿ ಎಲ್ಲ ಉಚಿತ.

ಅಂದಹಾಗೆ, ಧಾರವಾಡದಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿಹೋಗಿದೆ. ಹಳೇ ಪಾಸ್‌ಬುಕ್ ನೋಡಿ ಅರ್ಜಿ ತುಂಬುವ ಮುನ್ನ ಬ್ಯಾಂಕಿನ ಹೆಸರು, ಐಎಫ್‌ಎಸ್‌ಸಿ ಸಂಖ್ಯೆಯನ್ನು ಶಾಖೆಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ.

ಇನ್ನು ಖಾಸಗಿ ಹಣ. ಇಲ್ಲಿ ಕಾನೂನು ತಿಳಿಯದೆ ಅಲೆಯುವವರೇ ಹೆಚ್ಚು. ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕೆಂಬ ಸಿಎಸ್‌ಆರ್ ನಿಯಮ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ತಮ್ಮ ಕಾರ್ಖಾನೆಯ ಸುತ್ತಲಿನ ಊರುಗಳಿಗೆ ಆದ್ಯತೆ ಕೊಡಬೇಕೆಂದೂ ಕಾಯ್ದೆಯಲ್ಲಿದೆ. ಇಷ್ಟು ಕೇಳಿದವರು ಧಾರವಾಡ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಗೇಟಿನ ಮುಂದೆ ಅರ್ಜಿ ಹಿಡಿದು ನಿಲ್ಲುತ್ತಾರೆ. ಆದರೆ ಕಂಪನಿ ಹೊರಗಿನ ಸಂಸ್ಥೆಯೊಂದಕ್ಕೆ ಈ ಕೆಲಸ ವಹಿಸಬೇಕಾದರೆ ಅದು ನೋಂದಾಯಿತ ಟ್ರಸ್ಟ್, ಸೊಸೈಟಿ ಅಥವಾ ಲಾಭರಹಿತ ಕಂಪನಿ ಆಗಿರಬೇಕು. ಎಲ್ಲರೂ 12ಎ, 80ಜಿ ಎಂದು ಕರೆಯುವ ಆದಾಯ ತೆರಿಗೆ ನೋಂದಣಿ ಇರಬೇಕು. ಅಂಥದೇ ಕೆಲಸದಲ್ಲಿ ಮೂರು ವರ್ಷದ ಅನುಭವ ಇರಬೇಕು. ಸಿಎಸ್‌ಆರ್-1 ನೋಂದಣಿ ಬೇರೆ. ನಿಮ್ಮ ಸ್ವಸಹಾಯ ಸಂಘಕ್ಕೆ ಇದು ಸಾಧ್ಯವಿಲ್ಲದ ಮಾತು. ಹಾಗಾದರೆ ಮಾಡಬೇಕಾದದ್ದು, ಈ ಎಲ್ಲ ಕಾಗದ ಇರುವ ಸಂಸ್ಥೆಯೊಂದನ್ನು ಹುಡುಕಿ ಅದರ ಯೋಜನೆಯಲ್ಲಿ ನಿಮ್ಮ ಊರು ಸೇರುವಂತೆ ನೋಡಿಕೊಳ್ಳುವುದು.

ಅಂಥ ಸಂಸ್ಥೆ ಯಾವುದೆಂದು ತಿಳಿಯುವ ಉಪಾಯವೊಂದಿದೆ. ಕಂಪನಿಗಳ ವಾರ್ಷಿಕ ವರದಿಯ ಕೊನೆಯಲ್ಲಿ ಸಿಎಸ್‌ಆರ್ ಅನುಬಂಧ ಇರುತ್ತದೆ. 2022ರಲ್ಲಿ ನಮೂನೆ ಬದಲಾಗುವವರೆಗೆ ಯಾವ ಕೆಲಸ, ಯಾವ ರಾಜ್ಯ, ಯಾವ ಜಿಲ್ಲೆ, ಎಷ್ಟು ಹಣ, ಯಾವ ಸಂಸ್ಥೆಯ ಮೂಲಕ ಎಂದು ಅಲ್ಲಿ ಕೋಷ್ಟಕ ಹಾಕುತ್ತಿದ್ದರು. ಅರಿವು ಕೇಂದ್ರದ ಕಂಪ್ಯೂಟರಿನಲ್ಲಿ ಆ ವರ್ಷಗಳ ವರದಿ ತೆರೆದು ‘ಧಾರವಾಡ’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಹುಡುಕಿ. ಪಿಯುಸಿ ಓದುವ ಹುಡುಗಿಯೊಬ್ಬಳು ಒಂದು ಮಧ್ಯಾಹ್ನ ಕುಳಿತರೆ ನಾಲ್ಕಾರು ಸಂಸ್ಥೆಗಳ ಹೆಸರು ಸಿಗುತ್ತವೆ. ನೀತಿ ಆಯೋಗದ ‘ದರ್ಪಣ’ ಜಾಲತಾಣದಲ್ಲಿ ಆ ಸಂಸ್ಥೆಗಳ ನೋಂದಣಿ, ಪದಾಧಿಕಾರಿಗಳ ವಿವರ ನೋಡಬಹುದು. ಪ್ರಾಜೆಕ್ಟ್ ಬರೆದುಕೊಡುತ್ತೇವೆಂದು ದುಡ್ಡು ಕೇಳುವ ಏಜೆಂಟರು ಇದಕ್ಕಿಂತ ಹೆಚ್ಚೇನೂ ಮಾಡುವುದಿಲ್ಲ.

ನಮ್ಮ ಕಡೆ ಕಣ್ಣೆದುರಿಗೇ ಇರುವ ಸಂಸ್ಥೆಗಳೂ ಇವೆ. ಕಲಘಟಗಿ ತಾಲ್ಲೂಕಿನ ಸುರಶೆಟ್ಟಿಕೊಪ್ಪದಲ್ಲಿ ಬೈಫ್ ಸಂಸ್ಥೆ ಮರ ಆಧಾರಿತ ಕೃಷಿಯ ಕೆಲಸ ಮಾಡುತ್ತ ಬಂದಿದೆ. ಬದುವಿನ ಮೇಲೆ ಗಿಡ ಬೆಳೆಸುವ ಮಾತಾದರೆ ಮೊದಲು ಅಲ್ಲಿ ಹೋಗಿ ನೋಡಿ ಬನ್ನಿ. ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್ ನವಲಗುಂದ ಸೀಮೆಯ ಎರೆಹೊಲಗಳಲ್ಲಿ ಕೃಷಿ ಹೊಂಡ ತೋಡಿಸಿದಾಗ ಖರ್ಚಿನಲ್ಲಿ ರೈತರೂ ಪಾಲು ಹಾಕಿದರು. ಪುಕ್ಕಟೆ ಬಂದ ಹೊಂಡಕ್ಕೆ ಹೂಳು ತೆಗೆಸುವವರು ಕಡಿಮೆ. ರೈತರಿಂದ ಪಾಲು ಕೇಳಿದ್ದು ಸರಿಯೇ ಎನ್ನುವವ ನಾನು. ಇದೇ ಸಂಸ್ಥೆ ಹುಬ್ಬಳ್ಳಿಯಲ್ಲಿ ‘ಡೆವಲಪ್‌ಮೆಂಟ್ ಡೈಲಾಗ್’ ಎಂಬ ಸಮಾವೇಶ ನಡೆಸಿಕೊಂಡು ಬಂದಿದೆ. ಹಣ ಕೊಡುವವರು, ಸಂಸ್ಥೆ ನಡೆಸುವವರು ಒಂದೇ ಸೂರಿನಡಿ ಸಿಗುವ ಅವಕಾಶ ಈ ಭಾಗದಲ್ಲಿ ಅಷ್ಟಾಗಿ ಇಲ್ಲ. ಅಣ್ಣಿಗೇರಿಯಿಂದ ಒಂದು ಬಸ್ಸಿನ ದಾರಿ ಅಷ್ಟೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಹಳ್ಳಿ ಹಳ್ಳಿಯಲ್ಲಿದ್ದಾರೆ. ಊರ ಕೆರೆಯ ಹೂಳು ತೆಗೆಸುವ ವಿಚಾರವಾದರೆ ಅವರ ‘ನಮ್ಮೂರು ನಮ್ಮ ಕೆರೆ’ ಕಾರ್ಯಕ್ರಮದ ಬಗ್ಗೆ ತಾಲ್ಲೂಕು ಕಚೇರಿಯಲ್ಲಿ ಕೇಳಿ. ಸಣ್ಣ ಸ್ವಯಂಸೇವಾ ಸಂಸ್ಥೆ ನಡೆಸುವವರಿಗೆ ರಾಜ್ಯ ಮಟ್ಟದ ಒಕ್ಕೂಟ ಫೆವಾರ್ಡ್-ಕೆ ಇದೆ. ಕಾಯ್ದೆ ಬದಲಾದಾಗ ಸುದ್ದಿ ಬೇಗ ತಲುಪುವುದು ಇಂಥ ಒಕ್ಕೂಟದ ಸದಸ್ಯರಿಗೆ.

ಮೊದಲ ಭೇಟಿಯಲ್ಲಿ ಹಣ ಕೇಳಬೇಡಿ. “ನಾವು ಇಂಥ ಕೆಲಸ ಮಾಡಾಕತ್ತೇವ್ರಿ, ಒಮ್ಮೆ ಬಂದು ನೋಡ್ರಿ. ನಿಮ್ಮಲ್ಲಿ ಆಗದಿದ್ದರ ಯಾರನ್ನ ಕೇಳಬೇಕು ಹೇಳ್ರಿ” ಎನ್ನಿ. ಹಣ ಇಲ್ಲ ಎನ್ನುವುದು ಎಲ್ಲರಿಗೂ ಸುಲಭ. ಒಂದು ಹೆಸರು ಹೇಳಿ ಕಳಿಸಲು ಯಾರೂ ಹಿಂಜರಿಯುವುದಿಲ್ಲ.

ವಿದೇಶಿ ಹಣದ ಬಗ್ಗೆ ಎರಡೇ ಮಾತು. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಸಂಘ ಅದನ್ನು ಮುಟ್ಟುವಂತಿಲ್ಲ. 2020ರ ತಿದ್ದುಪಡಿಯ ಮೇಲೆ, ನೋಂದಣಿ ಇರುವ ದೊಡ್ಡ ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ನಿಮ್ಮ ಸಂಘದ ಖಾತೆಗೆ ವರ್ಗಾಯಿಸುವಂತೆಯೂ ಇಲ್ಲ. ವಿಶ್ವಸಂಸ್ಥೆಯಂಥವು ಮಾತ್ರ ಕಾಯ್ದೆಯ ‘ವಿದೇಶಿ ಮೂಲ’ದಿಂದ ಹೊರಗಿವೆ. ಅಮೆರಿಕದಲ್ಲಿರುವ ನಿಮ್ಮೂರಿನ ಹುಡುಗನ ಹತ್ತಿರ ಭಾರತದ ಪಾಸ್‌ಪೋರ್ಟೇ ಇದ್ದರೆ, ತನ್ನ ಸ್ವಂತ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿಯ ಪೌರತ್ವ ಪಡೆದಿದ್ದರೆ, ಕೈಯಲ್ಲಿ ಒಸಿಐ ಕಾರ್ಡ್ ಇದ್ದರೂ, ಆಗುತ್ತದೆ. ಗುಡಿ ಜೀರ್ಣೋದ್ಧಾರಕ್ಕೂ ಶಾಲೆ ಕಟ್ಟಡಕ್ಕೂ ಇದೇ ನಿಯಮ. ದೇಣಿಗೆ ಪಡೆಯುವ ಮುನ್ನ ಪಾಸ್‌ಪೋರ್ಟ್ ಯಾವುದೆಂದು ಕೇಳಲು ನಾಚಿಕೊಳ್ಳಬೇಡಿ.

ಕಲೆ, ಸಾಹಿತ್ಯದವರಿಗೆ ಬಾಗಿಲುಗಳು ಬೇರೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೆ ಸೇವಾಸಿಂಧುವಿನಲ್ಲಿ ಅರ್ಜಿ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಭಾರತದ ಯಾವ ಭಾಷೆಯಲ್ಲಿ ಬರೆದರೂ ಅರ್ಜಿ ತೆಗೆದುಕೊಳ್ಳುತ್ತದೆ, ಕನ್ನಡದಲ್ಲೇ ಬರೆಯಬಹುದು. ಸರ್ಕಾರಿ ಶಾಲೆಯ ಶಿಕ್ಷಕರಿಗೆಂದೇ ಅದರಲ್ಲಿ ‘ಕಲಿ-ಕಲಿಸು’ ಎಂಬ ಅನುದಾನ ನಡೆದುಬಂದಿದೆ. ಕಲಘಟಗಿಯ ಬಣ್ಣದ ತೊಟ್ಟಿಲು ಮಾಡುವವರು, ನವಲಗುಂದದ ಜಮಖಾನೆ ನೇಯುವ ಮಹಿಳೆಯರು ಮೊದಲು ಕೇಂದ್ರದ ಕರಕುಶಲಕರ್ಮಿ ಗುರುತಿನ ಚೀಟಿ ಮಾಡಿಸಿಕೊಳ್ಳಬೇಕು. ಮೇಳ, ತರಬೇತಿ, ಉಪಕರಣ ಏನೇ ಕೇಳಿದರೂ ಆ ಚೀಟಿ ಬೇಕೇ ಬೇಕು.

ಸರ್ಕಾರಿ ಸಹಾಯಧನ ಯಾರಿಗೆ ಸಿಕ್ಕಿತು ಎಂಬುದು ಗುಟ್ಟಲ್ಲ. ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಸಹಾಯಧನ ಯೋಜನೆಗಳ ಹಂಚಿಕೆ, ಫಲಾನುಭವಿಗಳ ವಿವರವನ್ನು ಇಲಾಖೆಗಳು ತಾವಾಗಿಯೇ ಪ್ರಕಟಿಸಬೇಕು. ಪ್ರಕಟಿಸಿಲ್ಲವೋ, ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಿ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಪಟ್ಟಿ ಕೈಗೆ ಬಂದ ಮೇಲೆ ಜಗಳಕ್ಕೆ ಹೋಗಬೇಡಿ. ಹೋದ ವರ್ಷ ಸಹಾಯಧನ ಸಿಕ್ಕ ಪಕ್ಕದೂರಿನವರ ಮನೆಗೆ ಹೋಗಿ, ಚಹಾ ಕುಡಿದು, ಯಾವ ಕಾಗದ ಕೇಳಿದರು, ಎಲ್ಲಿ ತಡವಾಯಿತು ಎಂದು ಕೇಳಿ ಬನ್ನಿ. ಯಾವ ಮಾರ್ಗದರ್ಶಿ ಪುಸ್ತಕದಲ್ಲೂ ಅಷ್ಟು ಸಿಗುವುದಿಲ್ಲ.

ಅರ್ಜಿ ಬರೆಯುವ ರೀತಿಯನ್ನೂ ಸ್ವಲ್ಪ ನೋಡೋಣ. ಅಣ್ಣಿಗೇರಿ ಕಡೆಯ ಒಂದು ಸಂಘ ಖಾರದಪುಡಿ ಯಂತ್ರ ಕೇಳುತ್ತದೆ ಎನ್ನಿ. ರೂಢಿಯ ಒಕ್ಕಣೆ ಹೀಗಿರುತ್ತದೆ: ‘ನಮ್ಮ ಸಂಘದ ಸದಸ್ಯರು ಕಡುಬಡವರಿದ್ದು, ತಾವು ದಯಮಾಡಿ ಯಂತ್ರ ಮಂಜೂರು ಮಾಡಿ ನಮ್ಮನ್ನು ಉದ್ಧರಿಸಬೇಕಾಗಿ ವಿನಂತಿ.’ ಓದುವವರ ಮೇಜಿನ ಮೇಲೆ ಇಂಥವು ರಾಶಿ ಬಿದ್ದಿರುತ್ತವೆ. ಅದನ್ನೇ ಹೀಗೆ ಬರೆಯಬಹುದು: ‘ನಾವು ಹನ್ನೆರಡು ಜನ. ಈಗ ವಾರಕ್ಕೆ 40 ಕಿಲೊ ಮೆಣಸಿನಕಾಯಿ ಹುಬ್ಬಳ್ಳಿಗೆ ಒಯ್ದು ಕುಟ್ಟಿಸುತ್ತೇವೆ. ಕಿಲೊಗೆ ಇಷ್ಟು ಕೂಲಿ, ಇಷ್ಟು ಬಸ್ ಚಾರ್ಜು. ಯಂತ್ರ ನಮ್ಮಲ್ಲೇ ಇದ್ದರೆ ತಿಂಗಳಿಗೆ ಇಷ್ಟು ಉಳಿಯುತ್ತದೆ. ಯಂತ್ರದ ಮೂರು ಕೊಟೇಶನ್ ಲಗತ್ತಿಸಿದೆ. ನಾಲ್ಕನೇ ಒಂದು ಪಾಲು ನಮ್ಮ ಉಳಿತಾಯದಿಂದ. ಕರೆಂಟ್ ಬಿಲ್, ರಿಪೇರಿ ಖರ್ಚು ಹೊರಗಿನವರ ಕುಟ್ಟುವ ಕೂಲಿಯಿಂದ.’ ಬಡತನದ ಮಾತೇ ಬೇಡವೆಂದಲ್ಲ. ಲೆಕ್ಕ ಬರೆದರೆ ಅದು ತಾನಾಗಿ ಕಾಣುತ್ತದೆ. ಜಾಗ ಯಾರದು ಎಂಬ ಪ್ರಶ್ನೆಗೆ ಉತಾರದ ನಕಲು, ಇಲ್ಲವೇ ಬಾಡಿಗೆ ಕರಾರು ಇಡಿ. ಸದಸ್ಯರೊಬ್ಬರ ಮನೆಯ ಪಡಸಾಲೆಯಲ್ಲಿ ಯಂತ್ರ ಇಡುವುದಾದರೆ ಅದನ್ನೂ ಠರಾವಿನಲ್ಲಿ ಬರೆದಿಡಿ. ನಾಳೆ ಮನಸ್ತಾಪ ಬಂದರೆ ಯಂತ್ರ ಯಾರದೆಂಬ ತಕರಾರು ಅಲ್ಲಿಂದಲೇ ಹುಟ್ಟುತ್ತದೆ.

ಕೊಡುವವರಿಗೂ ನಾಲ್ಕು ಮಾತಿವೆ. ಊರಿಗೆ ಏನಾದರೂ ಮಾಡಬೇಕೆಂದು ಬರುವ ಹೆಚ್ಚಿನವರು ಕಮಾನು, ಬಸ್ ಸ್ಟ್ಯಾಂಡ್, ಸ್ಮಾರ್ಟ್ ಟಿವಿ ಎಂದು ತಾವೇ ಮೊದಲು ತೀರ್ಮಾನ ಮಾಡಿಕೊಂಡು ಬರುತ್ತಾರೆ. ಸರ್ಕಾರಿ ಶಾಲೆಗಾದರೆ ‘ವಿದ್ಯಾಂಜಲಿ’ ಜಾಲತಾಣದಲ್ಲಿ ಶಾಲೆಯವರೇ ತಮಗೇನು ಬೇಕೆಂದು ಹಾಕುವ ವ್ಯವಸ್ಥೆ ಇದೆ. ಎಸ್‌ಡಿಎಂಸಿ ಸಭೆಯಲ್ಲೂ ಒಮ್ಮೆ ಕುಳಿತು ಕೇಳಿ. ಸಂಸ್ಥೆಗೆ ಕೊಡುವುದಾದರೆ ಎರಡು ವರ್ಷದ ಆಡಿಟ್ ವರದಿ ಕೇಳಿ ಓದಿ. ನಗದಾಗಿ 2,000 ರೂಪಾಯಿ ಮೀರಿ ಕೊಟ್ಟ ದೇಣಿಗೆಗೆ ತೆರಿಗೆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಈ ವಿನಾಯಿತಿಯೇ ಇಲ್ಲ. ಯಂತ್ರಕ್ಕೆ ಕೊಡುವ ದಾನಿಗಳು ಬೇಕಾದಷ್ಟು ಜನ ಸಿಗುತ್ತಾರೆ. ಲೆಕ್ಕ ಬರೆಯುವ ಹುಡುಗಿಯ ಒಂದು ವರ್ಷದ ಸಂಬಳ ಕೊಡುವವರು ಯಾರೂ ಇಲ್ಲ. ಸಣ್ಣ ಸಂಸ್ಥೆ ಮುಗ್ಗರಿಸುವುದು ಅಲ್ಲೇ.

ಅನುದಾನ ಮಂಜೂರಾಗಿದೆ, ಫೈಲ್ ಚಾರ್ಜ್ ಕಟ್ಟಿ, ಶೇ 10 ಮುಂಗಡ ಹಾಕಿ ಎಂದು ಫೋನ್ ಬಂದರೆ ಇಟ್ಟುಬಿಡಿ. ನಿಜವಾಗಿ ಅನುದಾನ ಕೊಡುವವರು ಮುಂಗಡ ಕೇಳುವುದಿಲ್ಲ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಈಗಾಗಲೇ ಅನುದಾನ ಪಡೆದ ಸಂಘಗಳಲ್ಲಿ ಒಂದು ವಿನಂತಿ. ನಿಮ್ಮ ಮಂಜೂರಾದ ಅರ್ಜಿಯ ಒಂದು ನಕಲನ್ನು, ಆಧಾರ್, ಬ್ಯಾಂಕ್ ಖಾತೆ ಸಂಖ್ಯೆ ಅಳಿಸಿ, ನಿಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಇಡಿ. ತಿರಸ್ಕೃತವಾದ ಅರ್ಜಿ, ಅದಕ್ಕೆ ಕೊಟ್ಟ ಕಾರಣದ ಪತ್ರ ಇದ್ದರೆ ಅದನ್ನೂ ಜೊತೆಗೆ ಇಡಿ.